ಆಕ್ಸಿಡೈಸರ್ ಚೆಲ್ಲಿದರೆ, ಹೊತ್ತಿಕೊಂಡರೆ: ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಉಗ್ರಾಣಿಗ:
ಎಲ್ಲರಿಗೂ ನಮಸ್ಕಾರ. ರಾಸಾಯನಿಕಗಳ ಗೋಡೌನ್ ಒಂದರ ಉಸ್ತುವಾರಿ ನನ್ನದು. 50% ಹೈಡ್ರೋಜನ್ ಪೆರಾಕ್ಸೈಡ್, ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಈಜುಕೊಳಕ್ಕೆ ಹಾಕುವ ಟ್ರೈಕ್ಲೋರೋ ಮಾತ್ರೆ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಬೇರೆ ಶೆಡ್ಡಿನಲ್ಲಿ ಅಮೋನಿಯಂ ನೈಟ್ರೇಟ್, ಇವೆಲ್ಲ ನಮ್ಮಲ್ಲಿ ಬಂದು ಹೋಗುತ್ತವೆ. ಎಲ್ಲದರ ಮೇಲೂ ಅದೇ ಹಳದಿ ಚೌಕ, ವೃತ್ತದ ತಲೆಯ ಮೇಲೆ ಜ್ವಾಲೆ, ಕೆಳಗೆ 5.1. ಅಂದರೆ ಆಕ್ಸಿಡೈಸರ್: ತಾನೇ ಆಕ್ಸಿಜನ್ ಕೊಟ್ಟು ಬೇರೆಯದನ್ನು ಉರಿಸುವ ಸರಕು.

ಗೋಡೆಗೆ ಹಾಕಿರುವ ಸೂಚನಾ ಫಲಕ ಮಾತ್ರ ಸಕಲ ಕೆಮಿಕಲ್‌ಗಳಿಗೂ ಸೇರಿ ಬರೆದದ್ದು. "ಚೆಲ್ಲಿದರೆ ಮರದ ಹೊಟ್ಟು ಸುರಿದು ಗುಡಿಸಿ. ಬೆಂಕಿ ಬಂದರೆ ಡಿಸಿಪಿ ಸಿಲಿಂಡರ್ ಬಳಸಿ." (ಡಿಸಿಪಿ ಅಂದರೆ ಬೆಂಕಿ ಆರಿಸುವ ಒಣ ರಾಸಾಯನಿಕ ಪುಡಿ.) ಓದಿದಾಗಲೆಲ್ಲ ಇದು ಸರಿಯಿಲ್ಲ ಅನ್ನಿಸುತ್ತದೆ. ಆಕ್ಸಿಡೈಸರ್ ವಿಭಾಗಕ್ಕೆಂದೇ ಹೊಸ ಫಲಕ ಬರೆಸಬೇಕೆಂದಿದ್ದೇನೆ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವಾಗಲೂ ಓದಿ ಅರ್ಥವಾಗಬೇಕು, ಅಷ್ಟು ಚಿಕ್ಕದಾಗಿರಬೇಕು. ಏನು ಬರೆಯಲಿ? ಗೊತ್ತಿದ್ದವರು ದಯವಿಟ್ಟು ಕಾರಣ ಸಮೇತ ಹೇಳಿ. ಕಾರಣ ಗೊತ್ತಿಲ್ಲದ ನಿಯಮವನ್ನು ಗಾಬರಿಯಲ್ಲಿ ಯಾರೂ ಪಾಲಿಸುವುದಿಲ್ಲ.

ಹೋಸ್‌ಪೈಪ್:
ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಅಗ್ನಿಶಾಮಕ ಸೇವೆಯಲ್ಲಿದ್ದು ನಿವೃತ್ತನಾದವನು ನಾನು. ಆ ಫಲಕವನ್ನು ಹೊಸದು ಬರುವ ತನಕವೂ ಕಾಯದೆ ಇವತ್ತೇ ಇಳಿಸಿ. ಅದರ ಎರಡು ಸಾಲೂ ಅಪಾಯ.

ಬೆಂಕಿಯ ವಿಷಯ ಮೊದಲು. ನಾವು ಸಾಮಾನ್ಯವಾಗಿ ಬೆಂಕಿ ಆರಿಸುವುದು ಎರಡು ದಾರಿಯಲ್ಲಿ: ಗಾಳಿ ಸಿಗದಂತೆ ಮುಚ್ಚುವುದು, ಇಲ್ಲವೇ ತಣ್ಣಗಾಗಿಸುವುದು. ಫೋಮ್, ಕಾರ್ಬನ್ ಡೈಆಕ್ಸೈಡ್, ಮರಳು, ಒದ್ದೆ ಕಂಬಳಿ ಎಲ್ಲವೂ ಹೆಚ್ಚುಕಡಿಮೆ ಮುಚ್ಚುವ ದಾರಿಯವು. ಆಕ್ಸಿಡೈಸರ್ ಇರುವ ಬೆಂಕಿಗೆ ಹೊರಗಿನ ಗಾಳಿ ಬೇಕೇ ಇಲ್ಲ, ಅದರ ಆಕ್ಸಿಜನ್ ಅದರ ಹೊಟ್ಟೆಯೊಳಗೇ ಇದೆ. ಮುಚ್ಚಿದಷ್ಟೂ ಶಾಖ ಒಳಗೇ ಉಳಿಯುತ್ತದೆ, ಒತ್ತಡ ಏರುತ್ತದೆ, ಉರಿಯುವುದು ನಿಲ್ಲುವುದಿಲ್ಲ.

ಇದಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ನಿಂತಿದ್ದ ಗ್ರ್ಯಾಂಡ್‌ಕ್ಯಾಂಪ್ ಹಡಗಿನಲ್ಲಿ ಕಾಗದದ ಚೀಲಗಳಲ್ಲಿ 2,000 ಟನ್ನಿಗೂ ಹೆಚ್ಚು ಅಮೋನಿಯಂ ನೈಟ್ರೇಟ್ ಇತ್ತು. ಹೊಗೆ ಕಂಡಾಗ, ನೀರು ಹಾಕಿದರೆ ಸರಕು ಹಾಳಾಗುತ್ತದೆ ಎಂದು ಹಡಗಿನ ಬಾಗಿಲು ಮುಚ್ಚಿ ಒಳಗೆ ಹಬೆ ಬಿಡಿಸಿದರು. ಬೇರೆ ಸರಕಾಗಿದ್ದರೆ ಆ ಉಪಾಯ ನಡೆಯುತ್ತಿತ್ತೇನೋ. ಇಲ್ಲಿ ಹಬೆ ಇನ್ನಷ್ಟು ಕಾಯಿಸಿತು. ಬೆಳಿಗ್ಗೆ ಒಂಬತ್ತು ದಾಟುತ್ತಿದ್ದಂತೆ ಹಡಗು ಸಿಡಿಯಿತು. ಸತ್ತವರು 500ಕ್ಕೂ ಹೆಚ್ಚು. ಆ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ 28 ಮಂದಿಯಲ್ಲಿ 27 ಮಂದಿ ಅಲ್ಲೇ ಹೋದರು.

ಇನ್ನೊಂದು 1996ರ ಮೇ 11ರ ವ್ಯಾಲ್ಯೂಜೆಟ್ 592 ವಿಮಾನ. ಸರಕಿನ ಕೋಣೆಯಲ್ಲಿ ಹಳೆಯ ಆಕ್ಸಿಜನ್ ಜನರೇಟರ್‌ಗಳಿದ್ದವು, ಒಳಗೆ ಸೋಡಿಯಂ ಕ್ಲೋರೇಟ್. ಆ ಕೋಣೆಯನ್ನು ಕಟ್ಟಿದ್ದೇ ಗಾಳಿಯಾಡದಂತೆ: ಬೆಂಕಿ ಹತ್ತಿದರೂ ಉಸಿರು ಸಿಗದೆ ತಾನೇ ಆರಲಿ ಎಂದು. ಜನರೇಟರ್‌ಗಳು ತಾವೇ ಆಕ್ಸಿಜನ್ ಕೊಟ್ಟು ಬೆಂಕಿಯನ್ನು ಸಾಕಿದವು. 110 ಜನ ತೀರಿಕೊಂಡರು. ಬೆಂಕಿಯನ್ನು ಮುಚ್ಚಿ ಆರಿಸುತ್ತೇನೆ ಅನ್ನುವವರಿಗೆ ನಾನು ತರಬೇತಿಯಲ್ಲಿ ಯಾವಾಗಲೂ ಹೇಳುತ್ತಿದ್ದ ಉದಾಹರಣೆ ಇದು.

ಹಾಗಾಗಿ ಉಳಿಯುವುದು ತಣ್ಣಗಾಗಿಸುವ ದಾರಿ ಒಂದೇ. ಅಂದರೆ ನೀರು. ಬೇಕಾದಷ್ಟು ನೀರು, ದೂರದಿಂದ. ಇವೆರಡರಲ್ಲಿ ಒಂದಿಲ್ಲದಿದ್ದರೂ ಜಾಗ ಖಾಲಿ ಮಾಡಿ.

ರಾತ್ರಿಪಾಳಿ:
ಸರ್, ಡಿಸಿಪಿ ಏನೂ ಪ್ರಯೋಜನ ಇಲ್ವಾ? ನಮ್ಮಲ್ಲಿ ಎಲ್ಲಾ ಮೂಲೇಲೂ ಅದೇ ಇರೋದು.

ಹೋಸ್‌ಪೈಪ್:
ಪ್ಯಾನೆಲ್ ಬೋರ್ಡಿಗೋ ಫೋರ್ಕ್‌ಲಿಫ್ಟಿನ ಇಂಜಿನ್‌ಗೋ ಬೆಂಕಿ ಹತ್ತಿ, ಅದಿನ್ನೂ ಆಕ್ಸಿಡೈಸರ್ ತಟ್ಟಿಲ್ಲ ಅಂದರೆ ಧಾರಾಳವಾಗಿ ಬಳಸಿ. ಆ ಹಂತದಲ್ಲಿ ಬೇಗ ಆರಿಸುವುದೇ ದೊಡ್ಡ ಕೆಲಸ. ಆಕ್ಸಿಡೈಸರ್ ಸ್ವತಃ ಬೆಂಕಿಯೊಳಗೆ ಸೇರಿದ ಮೇಲೆ ಡಿಸಿಪಿಯಿಂದ ಆಗುವುದು ಏನೂ ಇಲ್ಲ.

ಕ್ಲೋರಿನ್ ಇರುವ ಸರಕಿನ ಹತ್ತಿರವಂತೂ ತರಲೇಬೇಡಿ. ಡಿಸಿಪಿ ಸಿಲಿಂಡರುಗಳಲ್ಲಿ ಸಾಮಾನ್ಯವಾಗಿ ಸಿಗುವ ಎಬಿಸಿ ಪೌಡರಿನಲ್ಲಿ ಅಮೋನಿಯಂ ಫಾಸ್ಫೇಟ್ ಇರುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಟ್ರೈಕ್ಲೋರೋ ಇಂಥವುಗಳ ಜೊತೆ ಅಮೋನಿಯಂ ಸೇರಿದರೆ ನೈಟ್ರೋಜನ್ ಟ್ರೈಕ್ಲೋರೈಡ್ ಹುಟ್ಟಬಹುದು. ಅದು ಸಿಡಿಯುವ ವಸ್ತು. ಆರಿಸಲು ಹೋದವರ ಕೈಯಲ್ಲೇ ಸ್ಫೋಟ.

ಹಳದಿ_ಚೌಕ:
ಇಲ್ಲಿ ನಾನು ಒಪ್ಪುವುದಿಲ್ಲ. "ನೀರು ಹಾಕಿ" ಎಂದು ಫಲಕದಲ್ಲಿ ಒಂದೇ ಮಾತಿನಲ್ಲಿ ಬರೆದರೆ ನಾಳೆ ಯಾರೋ ಚೆಲ್ಲಿದ ಟ್ರೈಕ್ಲೋರೋ ಪುಡಿಯ ಮೇಲೆ ಒಂದು ಬಕೆಟ್ ನೀರು ಸುರಿಯುತ್ತಾರೆ. ನಾನು ನೀರು ಶುದ್ಧೀಕರಣದ ಕೆಲಸದಲ್ಲಿದ್ದೇನೆ, ಈ ಸರಕು ದಿನವೂ ಕಣ್ಣೆದುರಿಗಿರುತ್ತದೆ. ಸ್ವಲ್ಪ ನೀರು ತಾಗಿದ ಟ್ರೈಕ್ಲೋರೋ ಹೇಗಿರುತ್ತದೆ ಗೊತ್ತೇ? ಮೊದಲು ಮಾತ್ರೆಯ ಅಂಚು ಮೆತ್ತಗಾಗಿ ಗಂಜಿಯ ಹಾಗೆ ಆಗುತ್ತದೆ, ಸಣ್ಣಗೆ ಗುಳ್ಳೆ ಏಳುತ್ತದೆ, ಡ್ರಮ್ಮಿನ ಹೊರಮೈ ಕೈಗೆ ಬೆಚ್ಚಗೆ ತಾಗುತ್ತದೆ. ಕ್ಲೋರಿನ್ ವಾಸನೆ ಗಂಟಲಿಗೆ ಹಿಡಿಯುವ ಹೊತ್ತಿಗೆ ಒಳಗಿನ ಶಾಖ ತನ್ನಷ್ಟಕ್ಕೆ ತಾನೇ ಏರುತ್ತಿರುತ್ತದೆ.

2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಲೂಯಿಸಿಯಾನಾದ ಲೇಕ್ ಚಾರ್ಲ್ಸ್ ಹತ್ತಿರದ ಘಟಕವೊಂದರ ಛಾವಣಿ ಕಿತ್ತುಹಾಕಿತು, ಮಳೆನೀರು ಟ್ರೈಕ್ಲೋರೋ ದಾಸ್ತಾನಿನ ಮೇಲೆ ಬಿತ್ತು. ಬೆಂಕಿ ಹಚ್ಚಿದ್ದೇ ನೀರು. 2024ರ ಸೆಪ್ಟೆಂಬರ್ 29ರಂದು ಜಾರ್ಜಿಯಾದ ಕಾನ್ಯರ್ಸ್‌ನಲ್ಲಿ ಸ್ಪ್ರಿಂಕ್ಲರ್ ಕೆಟ್ಟು ನೀರು ಬಿಟ್ಟು ಇಂಥದೇ ಸರಕು ಒದ್ದೆಯಾಗಿ ಸುಮಾರು 17,000 ಜನರನ್ನು ಮನೆ ಬಿಡಿಸಬೇಕಾಯಿತು. ಇವೆರಡನ್ನೂ ಓದಿದ ಮೇಲೂ ಎಲ್ಲಕ್ಕೂ ನೀರು ಎಂದು ಬರೆಯಲು ಮನಸ್ಸಾದರೂ ಹೇಗೆ ಬರುತ್ತದೆ?

ಹೋಸ್‌ಪೈಪ್:
ನೀವು ಹೇಳಿದ ಎರಡೂ ಘಟನೆ ಸತ್ಯ, ನಿಮ್ಮ ಎಚ್ಚರಿಕೆಯೂ ಸರಿ. ಆದರೆ ಚೆಲ್ಲುವುದು ಬೇರೆ, ಉರಿಯುವುದು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೇ ಇಲ್ಲಿ ತೊಡಕು.

ಒಣಗಿರುವ ಟ್ರೈಕ್ಲೋರೋ ಚೆಲ್ಲಿ ಸುಮ್ಮನೆ ಬಿದ್ದಿದ್ದರೆ ಅದಕ್ಕೆ ಹನಿ ನೀರೂ ತಾಗಬಾರದು, ನಿಮ್ಮ ಮಾತೇ ಸರಿ. ಆಗಲೇ ಹೊತ್ತಿ ಉರಿಯುತ್ತಿದ್ದರೆ, ನೀರು ಅಲ್ಲದೆ ಬೇರೇನೂ ಆ ಶಾಖವನ್ನು ಇಳಿಸಲಾರದು. ಆಗ ನೀರೆಂದರೆ ಪ್ರವಾಹ. ನೀರು ಹೆಚ್ಚಿದ್ದರೆ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ, ವಸ್ತುವನ್ನು ತೆಳುವಾಗಿಸುತ್ತದೆ. ಕಡಿಮೆಯಿದ್ದರೆ ಕ್ರಿಯೆಯನ್ನು ಎಬ್ಬಿಸಿ, ಎದ್ದ ಶಾಖವನ್ನು ಅಲ್ಲೇ ಬಿಟ್ಟುಬಿಡುತ್ತದೆ. ಆದ್ದರಿಂದ ಒಂದು ಬಕೆಟ್ ನೀರು ಬೇಡವೇ ಬೇಡ. ಹೈಡ್ರಂಟ್ ಇದೆ, ಒತ್ತಡ ಇದೆ, ದೂರದಲ್ಲಿ ನಿಲ್ಲಿಸಿ ಕೈಬಿಡಬಹುದಾದ ಮಾನಿಟರ್ (ನೀರು ಚಿಮ್ಮಿಸುವ ದೊಡ್ಡ ನಳಿಕೆ) ಇದೆ ಎಂದರೆ ಮಾತ್ರ ನೀರು. ಇಲ್ಲವೆಂದರೆ ಹೊರಗೆ ಬಂದು ಗಾಳಿ ಬೀಸಿ ಬರುವ ದಿಕ್ಕಿಗೆ ಸೇರಿಕೊಂಡು ಅಗ್ನಿಶಾಮಕ ದಳಕ್ಕೆ ಸರಕಿನ ಹೆಸರು, ಯುಎನ್ ನಂಬರ್ (ಡಬ್ಬಿಯ ಮೇಲೆ ಸರಕನ್ನು ಗುರುತಿಸುವ ನಾಲ್ಕಂಕಿ) ಹೇಳಿ.

ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ಹೊರತರುವ ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್‌ನಲ್ಲಿ ಉಗ್ರಾಣಿಗರು ಹೇಳಿದ ಸರಕೆಲ್ಲ 140ನೇ ಗೈಡಿಗೆ ಬರುತ್ತದೆ. ಅದು ಹೇಳುವುದೂ ಇದೇ: ದೊಡ್ಡ ಬೆಂಕಿಗೆ ದೂರದಿಂದ ನೀರು ಹರಿಸಿ, ಸಣ್ಣದಕ್ಕೂ ನೀರೇ, ಪೌಡರ್, ಫೋಮ್ ಬಳಸಬೇಡಿ.

ಹಳದಿ_ಚೌಕ:
ಹಾಗೆ ಬಿಡಿಸಿ ಬರೆದರೆ ನನ್ನ ತಕರಾರಿಲ್ಲ. ಇನ್ನೊಂದನ್ನು ಸೇರಿಸಿಕೊಳ್ಳಿ: ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಮತ್ತು ಟ್ರೈಕ್ಲೋರೋ, ಎರಡೂ ಕ್ಲೋರಿನ್ ಸರಕೇ, ಎರಡೂ ಈಜುಕೊಳಕ್ಕೇ ಹೋಗುವುದು, ಆದರೆ ಒಂದಕ್ಕೊಂದು ಬದ್ಧವೈರಿಗಳು. ತುಸು ತೇವ ಇದ್ದಲ್ಲಿ ಇವೆರಡು ಬೆರೆತರೆ ಸ್ಫೋಟವೇ ಆಗಬಹುದು. ಆದ್ದರಿಂದ ಒಂದನ್ನು ಎತ್ತಿದ ಸಲಿಕೆಯಿಂದ ಇನ್ನೊಂದನ್ನು ಮುಟ್ಟಬಾರದು. ಎರಡಕ್ಕೂ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಸಲಿಕೆ ಇಡಿ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಓಡುವವರು ಎತ್ತರದ ಕಡೆಗೆ, ಗಾಳಿಯ ಎದುರಿಗೆ ಓಡಬೇಕು. ಆ್ಯಸಿಡ್ ಕ್ಯಾನುಗಳೂ ಈ ಸರಕಿನ ಹತ್ತಿರ ಇರಬಾರದು, ತಾಗಿದ ತಕ್ಷಣ ಕ್ಲೋರಿನ್ ಏಳುತ್ತದೆ.

ಪ್ರಯೋಗಶಾಲೆ:
ಬೆಂಕಿಯ ಮಾತು ಆಯಿತು. ಚೆಲ್ಲಿದ್ದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಬಹಳಷ್ಟು ಬೆಂಕಿ ಹುಟ್ಟುವುದು ಚೆಲ್ಲಿದ್ದನ್ನು ಬಳಿಯುವಾಗಲೇ. ನಾನು ರಸಾಯನಶಾಸ್ತ್ರ ಕಲಿಸುವವಳು.

ಮರದ ಹೊಟ್ಟು ಇಂಧನ. ಕಾಟನ್ ವೇಸ್ಟ್, ಗೋಣಿಚೀಲ, ಟಿಶ್ಯೂ, ರಟ್ಟು, ನೆಲ ಒರೆಸುವ ನೂಲಿನ ಮಾಪ್, ತೆಂಗಿನ ನಾರು, ಇವೆಲ್ಲವೂ ಇಂಧನ. ಆಕ್ಸಿಡೈಸರನ್ನು ಇವುಗಳಿಗೆ ಹೀರಿಸಿದಿರಿ ಎಂದರೆ ಬೆಂಕಿಗೆ ಬೇಕಾದ ಎರಡು ಪದಾರ್ಥಗಳನ್ನು ನೀವೇ ಕೈಯಾರೆ ಕಲಸಿಟ್ಟಂತೆ. ಕಿಡಿಯೂ ಬೇಕಿಲ್ಲ, ಕಸದ ಡಬ್ಬಿಯೊಳಗೆ ನಿಧಾನವಾಗಿ ಕಾಯ್ದು ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು.

ದೊಡ್ಡ ದೊಡ್ಡ ಪ್ರಯೋಗಾಲಯಗಳೇ ಇಲ್ಲಿ ಎಡವಿವೆ. ನ್ಯೂ ಮೆಕ್ಸಿಕೋದಲ್ಲಿ ನೆಲದ ಅಡಿ 600 ಮೀಟರಿಗೂ ಆಳದಲ್ಲಿ ವಿಪ್ ಎಂಬ ಅಣುತ್ಯಾಜ್ಯದ ಭಂಡಾರ ಇದೆ. ಲಾಸ್ ಅಲಾಮೋಸ್‌ನಿಂದ ಬಂದ ನೈಟ್ರೇಟ್ ಲವಣದ ತ್ಯಾಜ್ಯಕ್ಕೆ ತೇವ ಹೀರಲೆಂದು ಬೆಕ್ಕಿನ ತೊಟ್ಟಿಗೆ ಹಾಕುವ ಪುಡಿ ಬೆರೆಸಿದ್ದರು. ಜೇಡಿಮಣ್ಣಿನದನ್ನು ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಹಾಕಿದ್ದು ಗೋಧಿಯಿಂದ ಮಾಡಿದ ಸಾವಯವ ಪುಡಿ. 2014ರ ಫೆಬ್ರವರಿ 14ರಂದು ಅದನ್ನು ತುಂಬಿದ್ದ ಡ್ರಮ್ ಒಂದು ಒಳಗಿನಿಂದಲೇ ಕಾಯ್ದು ಬಾಯ್ದೆರೆಯಿತು, ವಿಕಿರಣ ಹೊರಬಿತ್ತು, ಭಂಡಾರ ಸುಮಾರು ಮೂರು ವರ್ಷ ಮುಚ್ಚಿತು. ಹೀರಿಸುವ ಪುಡಿ ಯಾವುದು ಎಂಬ ಒಂದೇ ಆಯ್ಕೆಯ ಮೇಲೆ ನಿಂತಿತ್ತು ಅದೆಲ್ಲ.

ಹಾಗಾಗಿ ಹೀರಿಸಲು ಬೇಕಾದದ್ದು ಎಂದೂ ಉರಿಯದ ವಸ್ತು: ಒಣ ಮರಳು, ಇಲ್ಲವೇ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜ. ಮರಳೂ ಶುದ್ಧವಾಗಿರಬೇಕು. ಬೆಂಕಿ ಬಕೆಟ್ಟಿನ ಮರಳಿನಲ್ಲಿ ಬೀಡಿ ತುಂಡು, ಎಣ್ಣೆ ಒರೆಸಿದ ಬಟ್ಟೆ, ಒಣಗಿದ ಎಲೆ ಬಿದ್ದಿರುವುದನ್ನು ನೋಡಿಲ್ಲದವರು ಯಾರು? ಆ ಮರಳು ಈ ಕೆಲಸಕ್ಕೆ ಬಾರದು, ಮುಚ್ಚಳ ಇರುವ ಬಕೆಟ್ಟಿನಲ್ಲಿ ಬೇರೆ ಇಡಿ.

ನೈಟ್ರಿಕ್ ಆ್ಯಸಿಡ್ ಇರುವವರಿಗೆ ಒಂದು ಮಾತು. ಗಾಢ ನೈಟ್ರಿಕ್ ಚೆಲ್ಲಿದ ಮೇಲೆ ಕಾಗದ ಹಾಕಿದರೆ ಕಂದು ಹೊಗೆ ಏಳುತ್ತದೆ, ಕಾಗದ ಹೊತ್ತಿಕೊಳ್ಳಲೂಬಹುದು. ಉಳಿದ ನೈಟ್ರಿಕ್ಕನ್ನು ಆಲ್ಕೋಹಾಲ್, ಅಸಿಟೋನ್ ಹಾಕುವ ತ್ಯಾಜ್ಯದ ಬಾಟಲಿಗೆ ಸುರಿದು ಬಿರಡೆ ಹಾಕುವುದಂತೂ ಬಾಂಬ್ ಕಟ್ಟುವ ಕೆಲಸ. ಕೆಲವೊಮ್ಮೆ ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಸಿಡಿಯುತ್ತದೆ.

ಬ್ಲೀಚ್‌ಸೆಕ್ಷನ್:
ಪೆರಾಕ್ಸೈಡ್ ಬಗ್ಗೆ ನಾನು ಹೇಳ್ತೀನಿ, ಬಟ್ಟೆ ಬ್ಲೀಚ್ ಮಾಡೋ ಕಡೆ ನನ್ನ ಕೆಲಸ. ನೋಡೋಕೆ ನೀರಿನ ಹಾಗೇ ಇರತ್ತೆ, ಬಣ್ಣ ಇಲ್ಲ, ಅಂಥಾ ವಾಸನೆ ಇಲ್ಲ. ಅದಕ್ಕೇ ಜನ ಉಡಾಫೆ ಮಾಡ್ತಾರೆ. 50% ಪೆರಾಕ್ಸೈಡ್ ಒಂದು ಲೀಟರ್ ಪೂರ್ತಿ ಒಡೆದರೆ ಸುಮಾರು 200 ಲೀಟರ್ ಆಕ್ಸಿಜನ್ ಬಿಡತ್ತೆ, ಜೊತೆಗೆ ವಿಪರೀತ ಶಾಖ. ಅದನ್ನ ಒಡೆಯೋಕೆ ದೊಡ್ಡ ಕಾರಣ ಬೇಡ. ತುಕ್ಕು, ತಾಮ್ರ, ಹಿತ್ತಾಳೆ, ಮಣ್ಣು, ಯಾವುದು ಬಿದ್ದರೂ ಸಾಕು.

ಕ್ಯಾನಿನ ಮುಚ್ಚಳದಲ್ಲಿ ಗಾಳಿ ಹೋಗೋ ತೂತು ಇರತ್ತೆ. ಅದು ಮುಚ್ಚಿಹೋಗಿದ್ರೆ ಕ್ಯಾನಿನ ಪಕ್ಕೆ ಉಬ್ಬತ್ತೆ, ಮಟ್ಟಸವಾಗಿರಬೇಕಾದ ತಳ ಗುಂಡಗಾಗಿ ಕ್ಯಾನು ನೆಲದ ಮೇಲೆ ಅಲ್ಲಾಡತ್ತೆ. ಅಂಥದ್ದು ಕಂಡರೆ, ಅದರಲ್ಲೂ ಬೆಚ್ಚಗಿದ್ದರೆ, ಮುಚ್ಚಳ ತಿರುಗಿಸೋಕೆ ಹೋಗಬೇಡಿ. ಎಲ್ಲರನ್ನೂ ದೂರ ಕಳಿಸಿ. ದೂರದಿಂದ ನೀರು ಬಿಟ್ಟು ತಣ್ಣಗೆ ಮಾಡೋಕೆ ಆದರೆ ಮಾಡಿ.

ಚೆಲ್ಲಿದ ಪೆರಾಕ್ಸೈಡನ್ನ ವಾಪಸ್ ಕ್ಯಾನಿಗೆ ತುಂಬೋದು ಮಹಾಪರಾಧ. ನೆಲದ ಕಸ ಜೊತೆಗೇ ಹೋಗತ್ತೆ, ಒಳಗೆ ಒಡೆಯೋಕೆ ಶುರು ಆಗತ್ತೆ. ಧಾರಾಳ ನೀರು ಬಿಟ್ಟು ತೆಳು ಮಾಡಿ, ಸಂಗ್ರಹದ ತೊಟ್ಟಿಗೆ ಹರಿಸಿ. ಪೆರಾಕ್ಸೈಡ್ ಶಕ್ತಿ ಕಳೆಯೋಕೆ ಹಾಕೋ ಬೈಸಲ್ಫೈಟ್ ಥರದ್ದನ್ನ ಗಾಢವಾಗಿರೋವಾಗ್ಲೇ ಸುರಿದರೆ ಇನ್ನಷ್ಟು ಕಾಯತ್ತೆ, ಅದೆಲ್ಲ ತೆಳು ಆದ ಮೇಲೆ ಗೊತ್ತಿರೋವ್ರು ಮಾಡೋ ಕೆಲಸ.

ಇನ್ನೊಂದು, ಚರ್ಮದ ಗ್ಲೌಸ್, ಚರ್ಮದ ಶೂ ಬೇಡ. ಪೆರಾಕ್ಸೈಡ್ ಹೀರಿದ ಚರ್ಮ ಕಾಲಲ್ಲೇ ಹೊತ್ಕೊಬಹುದು. ಬಟ್ಟೆ ಮೇಲೆ ಬಿದ್ದದ್ದು ಒಣಗೋಕೆ ಬಿಟ್ರೆ ಮೊದಲು ನೀರು ಆರಿ ಪೆರಾಕ್ಸೈಡ್ ಇನ್ನೂ ಗಾಢ ಆಗತ್ತೆ. "ಒಣಗಿದ್ರೆ ಸರಿಹೋಗತ್ತೆ" ಅನ್ನೋದು ಇಲ್ಲಿ ತಲೆಕೆಳಗು. ರಬ್ಬರ್ ಇಲ್ಲಾ ಪಿವಿಸಿ ಗ್ಲೌಸ್, ಗಂಬೂಟು, ಮುಖ ಮುಚ್ಚೋ ಶೀಲ್ಡ್.

ಔಷಧಕೋಣೆ:
ಬಟ್ಟೆಯ ಮಾತು ಬಂದದ್ದು ಒಳ್ಳೆಯದಾಯಿತು. ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಆಕ್ಸಿಡೈಸರ್ ಬಿದ್ದ ಬಟ್ಟೆಯನ್ನು ತಕ್ಷಣ ಬಿಚ್ಚಿಸಿ ನೀರಿನಲ್ಲಿ ಮುಳುಗಿಸಬೇಕು. ಬಿಸಿಲಿಗೆ ಹಾಕುವುದಾಗಲಿ, ಲಾಕರಿನಲ್ಲಿ ಮಡಿಸಿಡುವುದಾಗಲಿ, ಅದೇ ಬಟ್ಟೆಯಲ್ಲಿ ಬೀಡಿ ಸಿಗರೇಟು ಹಚ್ಚುವುದಾಗಲಿ ಕೂಡದು. 1930ರ ದಶಕದಲ್ಲಿ ನ್ಯೂಜಿಲೆಂಡಿನ ರೈತರು ಕಳೆಗೆ ಸೋಡಿಯಂ ಕ್ಲೋರೇಟ್ ಸಿಂಪಡಿಸುತ್ತಿದ್ದಾಗ, ಒಣಗಿದ ಪ್ಯಾಂಟುಗಳು ಬೆಂಕಿಯ ಬಳಿ, ಕೆಲವೊಮ್ಮೆ ತಿಕ್ಕಾಟಕ್ಕೇ ಹೊತ್ತಿಕೊಂಡು ಜನ ಸುಟ್ಟುಕೊಂಡರು. ಬೆಂಕಿ ಆರಿಸಿ ಬಂದ ಅಗ್ನಿದಳದವರ ಕೋಟು, ಗ್ಲೌಸುಗಳಿಗೂ ಇದೇ ನಿಯಮ, ಚೆನ್ನಾಗಿ ತೊಳೆಯದೆ ಮತ್ತೆ ತೊಡಬಾರದು.

ಚರ್ಮಕ್ಕೋ ಕಣ್ಣಿಗೋ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ಉರಿ ನಿಂತಿತು ಎಂದು ಎರಡೇ ನಿಮಿಷಕ್ಕೆ ಎದ್ದು ಹೋಗುವವರನ್ನು ಹಿಡಿದು ಕೂರಿಸಿ.

ನನ್ನ ಹೆಚ್ಚಿನ ಕಳವಳ ಕಂದು ಹೊಗೆಯ ಬಗ್ಗೆ. ನೈಟ್ರೇಟ್ ಉರಿದರೆ, ನೈಟ್ರಿಕ್ ಆ್ಯಸಿಡ್ ಏನನ್ನಾದರೂ ಕಚ್ಚಿದರೆ ಬರುವ ಕಂದು-ಕೆಂಪು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಕುಡಿದ ತಕ್ಷಣ ಒಂದಷ್ಟು ಕೆಮ್ಮು, ಎದೆ ಬಿಗಿತ, ಅರ್ಧ ಗಂಟೆಗೆ ಆರಾಮ. ವ್ಯಕ್ತಿ ನಗುನಗುತ್ತಾ ಮನೆಗೆ ಹೋಗುತ್ತಾನೆ. ಶ್ವಾಸಕೋಶದೊಳಗೆ ನೀರು ತುಂಬುವುದು ಎಷ್ಟೋ ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಒಂದು ದಿನದ ನಂತರ. ಆದ್ದರಿಂದ ಆ ಹೊಗೆ ಕುಡಿದವರು ಎಷ್ಟೇ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಿ ನಿಗಾದಲ್ಲಿ ಇರಲೇಬೇಕು. ಇದನ್ನು ದಯವಿಟ್ಟು ಫಲಕದಲ್ಲಿ ದೊಡ್ಡದಾಗಿ ಬರೆಸಿ.

ನೈಟ್ರೈಟ್, ಕ್ಲೋರೇಟ್ ಮೈಗೆ ಸೇರಿದರೆ ರಕ್ತ ಆಕ್ಸಿಜನ್ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ, ಆಕ್ಸಿಜನ್ ಕೊಟ್ಟರೂ ಬಣ್ಣ ತಿರುಗುವುದಿಲ್ಲ, ಬೆರಳಿಗೆ ಹಾಕುವ ಆಕ್ಸಿಮೀಟರ್ 85ರ ಸುತ್ತಮುತ್ತ ತೋರಿಸುತ್ತಾ ಕೂರುತ್ತದೆ. ವೈದ್ಯರಿಗೆ ಸರಕಿನ ಹೆಸರು ಗೊತ್ತಾದರೆ ಕೂಡಲೇ ಹೊಳೆಯುತ್ತದೆ, ಇಲ್ಲದಿದ್ದರೆ ಅಮೂಲ್ಯ ಹೊತ್ತು ವ್ಯರ್ಥ. ಗಾಯಾಳುವಿನ ಜೊತೆಗೇ ಸೇಫ್ಟಿ ಡೇಟಾ ಶೀಟ್ (ಸರಕಿನ ಹೆಸರು, ಅಪಾಯ ಬರೆದಿರುವ ಹಾಳೆ) ಕಳಿಸಿ.

ರಾತ್ರಿಪಾಳಿ:
ನನ್ನ ಪ್ರಶ್ನೆ ಅಮೋನಿಯಂ ನೈಟ್ರೇಟ್ ಶೆಡ್ಡಿನದು. ರಾತ್ರಿ ಇಬ್ಬರೇ ಇರ್ತೀವಿ. ಹೊಗೆ ಕಂಡ್ರೆ ನಿಂತು ನೀರು ಹೊಡೀಬೇಕಾ, ಓಡಬೇಕಾ? ನಿಜ ಹೇಳಿ.

ಹೋಸ್‌ಪೈಪ್:
ನೇರವಾಗಿ ಹೇಳುತ್ತೇನೆ ತಮ್ಮಾ. ಬೆಂಕಿ ಇನ್ನೂ ಪಕ್ಕದಲ್ಲಿದೆ, ಲಾರಿಯ ಟೈರು, ವೈರು, ಮೂಲೆಯ ಕಸ, ರಾಶಿಗೆ ತಟ್ಟಿಲ್ಲ, ನೀರಿನ ಪೈಪು ಕೈಯಲ್ಲೇ ಇದೆ, ಹಿಂದಕ್ಕೆ ದಾರಿ ತೆರೆದಿದೆ ಎಂದರೆ ಆ ಕ್ಷಣವೇ ಆರಿಸಿ. ರಾಶಿಗೆ ತಟ್ಟಿತು, ಕಂದು ಹೊಗೆ ಎದ್ದಿತು, ಕಾಳು ಕರಗಿ ಹರಿಯುತ್ತಿದೆ ಎಂದರೆ ಓಡಿ. ಇನ್ನೊಂದು ನಿಮಿಷ ನೋಡೋಣ ಅನ್ನಬೇಡಿ. ಶೆಡ್ಡು ಹೋದರೆ ಹೋಗಲಿ.

ಅಮೋನಿಯಂ ನೈಟ್ರೇಟ್ ಸುಮಾರು 170 ಡಿಗ್ರಿಗೆ ಕರಗುತ್ತದೆ, 200 ಡಿಗ್ರಿ ದಾಟಿದ ಮೇಲೆ ಒಡೆಯುವುದು ಜೋರಾಗುತ್ತದೆ. ಕರಗಿದ್ದು ಎಲ್ಲಾದರೂ ಸಿಕ್ಕಿಕೊಂಡರೆ, ಮೋರಿಯಲ್ಲಿ, ಮುಚ್ಚಿದ ಗುಂಡಿಯಲ್ಲಿ, ಪೈಪಿನೊಳಗೆ, ಅಥವಾ ಡೀಸೆಲ್, ಗ್ರೀಸ್, ಮರದ ಜೊತೆ ಬೆರೆತರೆ, ಸ್ಫೋಟದ ಹೊಸ್ತಿಲಲ್ಲಿ ನಿಂತಂತೆ. ಟೆಕ್ಸಸ್‌ನ ವೆಸ್ಟ್ ಎಂಬ ಸಣ್ಣ ಊರಿನಲ್ಲಿ 2013ರ ಏಪ್ರಿಲ್ 17ರ ಸಂಜೆ ಗೊಬ್ಬರದ ಗೋಡೌನಿಗೆ ಬೆಂಕಿ ಬಿತ್ತು. ನೈಟ್ರೇಟ್ ತುಂಬಿದ್ದ ತೊಟ್ಟಿಗಳು ಮರದವು. ಬೆಂಕಿಯ ಸುದ್ದಿ ಹೋಗಿ ಸುಮಾರು 20 ನಿಮಿಷಕ್ಕೆ ಸಿಡಿಯಿತು. ಸತ್ತ 15 ಮಂದಿಯಲ್ಲಿ 12 ಮಂದಿ ಆರಿಸಲು, ಸಹಾಯಕ್ಕೆ ಬಂದವರೇ. 2020ರ ಆಗಸ್ಟ್ 4ರಂದು ಲೆಬನಾನಿನ ಬೇರೂತ್ ಬಂದರಿನಲ್ಲೂ ಹಾಗೇ. ಉಗ್ರಾಣದಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಇದೆ ಎಂಬುದನ್ನು ಹೇಳದೆ ಬೆಂಕಿ ಆರಿಸಲು ಕಳಿಸಿದ 10 ಮಂದಿ ಬಾಗಿಲ ಬಳಿಯೇ ತೀರಿಕೊಂಡರು. ನನ್ನ ವೃತ್ತಿಯವರು ಅವರು. ಅವರಿಗೆ ಯಾರಾದರೂ ಒಂದು ಮಾತು ಹೇಳಿದ್ದರೆ ಬದುಕುತ್ತಿದ್ದರು ಎಂಬುದು ಇವತ್ತಿಗೂ ಸಂಕಟ.

ಎಷ್ಟು ದೂರ? ಅದೇ ಗೈಡ್‌ಬುಕ್‌ ಪ್ರಕಾರ ಆಕ್ಸಿಡೈಸರ್ ತುಂಬಿದ ಟ್ಯಾಂಕರ್ ಅಥವಾ ರೈಲು ವ್ಯಾಗನ್ ಬೆಂಕಿಗೆ ಸಿಕ್ಕರೆ ಸುತ್ತ 800 ಮೀಟರ್ ಖಾಲಿ ಮಾಡಿಸಬೇಕು. ಅಮೋನಿಯಂ ನೈಟ್ರೇಟ್ ಆದರೆ 1,600 ಮೀಟರ್. ಬರೀ ಚೆಲ್ಲಿದ್ದರೆ ಗಟ್ಟಿ ಪದಾರ್ಥಕ್ಕೆ 25 ಮೀಟರ್, ದ್ರವಕ್ಕೆ 50 ಮೀಟರ್ ಆರಂಭದ ಅಂತರ. ಕಾಯ್ದಿರುವ ಲಾರಿಯನ್ನು ಅಲ್ಲಿಂದ ಓಡಿಸಿಕೊಂಡು ಹೋಗುವ ಸಾಹಸ ಬೇಡ. ಗಾಜಿನ ಕಿಟಕಿಯ ಹಿಂದೆ ನಿಂತು ನೋಡುವುದೂ ಬೇಡ. ಬೇರೂತ್‌ನಲ್ಲಿ ಗಾಜೇ ಎಷ್ಟೋ ಜನರನ್ನು ಸೀಳಿತು.

ರಾತ್ರಿಪಾಳಿ:
ಧನ್ಯವಾದ ಸರ್. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಗೇಟಿನ ಕಾವಲುಗಾರನಿಗೂ ಓದಿ ಹೇಳ್ತೀನಿ.

ಹೊಸಬಳು:
ನಮ್ಮಲ್ಲಿ ಸೋಡಿಯಂ ಪೆರಾಕ್ಸೈಡ್ ಇದೆ. ಅದಕ್ಕೂ ಇದೇ ನಿಯಮಾನಾ? ಹೆಸರಲ್ಲಿ ಪೆರಾಕ್ಸೈಡ್ ಅಂತಾನೇ ಇದೆಯಲ್ಲ.

ಪ್ರಯೋಗಶಾಲೆ:
ಅಲ್ಲವೇ ಅಲ್ಲ, ಕೇಳಿದ್ದು ಒಳ್ಳೆಯದಾಯಿತು. ಸೋಡಿಯಂ ಪೆರಾಕ್ಸೈಡ್ ನೀರಿನೊಡನೆ ಜೋರಾಗಿ ಕ್ರಿಯೆ ನಡೆಸಿ ಆಕ್ಸಿಜನ್, ಕಾಸ್ಟಿಕ್ ಸೋಡಾ, ಶಾಖ ಮೂರನ್ನೂ ಕೊಡುತ್ತದೆ. ಗೈಡ್‌ಬುಕ್ಕಿನಲ್ಲಿ ಅದಕ್ಕೆ 144ನೇ ಗೈಡ್, ನೀರೂ ಬೇಡ ಫೋಮೂ ಬೇಡ ಎನ್ನುತ್ತದೆ. ಅದಕ್ಕೆ ಒಣ ಮರಳು, ಸೋಡಾ ಆ್ಯಶ್. ಯುಎನ್ ನಂಬರ್ 1504 ಎಂದು ಡಬ್ಬಿಯ ಮೇಲೆಯೇ ಇರುತ್ತದೆ. ಒಂದೇ ಹಳದಿ ಚೌಕದ ಅಡಿ ಬೇರೆ ಬೇರೆ ಸ್ವಭಾವದವು ಇರುತ್ತವೆ, ಅದಕ್ಕೇ ಆ ನಾಲ್ಕಂಕಿ ನೋಡದೆ ಕೈ ಹಾಕಬಾರದು. ಇದನ್ನು ನೀರಿನ ಸ್ಪ್ರಿಂಕ್ಲರ್ ಇಲ್ಲದ ಕಡೆ, ಉಳಿದವುಗಳಿಂದ ಬೇರೆಯಾಗಿ ಇಡಿಸಿ.

ಉಗ್ರಾಣಿಗ:
ಎಲ್ಲರಿಗೂ ಕೃತಜ್ಞತೆ. ನೀವು ಹೇಳಿದ್ದನ್ನೆಲ್ಲ ಕೂಡಿಸಿ ಫಲಕಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ:

"ಒಣ ಪುಡಿ, ಮಾತ್ರೆ ಚೆಲ್ಲಿದೆ, ಹೊಗೆ ಇಲ್ಲ, ಶಾಖ ಇಲ್ಲ: ಜನರನ್ನು ದೂರ ಕಳಿಸಿ. ಆಯಾ ಸರಕಿನ ಬಣ್ಣದ ಪ್ಲಾಸ್ಟಿಕ್ ಸಲಿಕೆಯಿಂದ ಒಣಗಿದ, ಖಾಲಿ, ಶುದ್ಧ ಡಬ್ಬಿಗೆ ಎತ್ತಿ ಬಿಗಿಯಾಗಿ ಮುಚ್ಚಳ ಹಾಕಿ ಹೊರಗಿಡಿ. ಮರದ ಹೊಟ್ಟು, ಬಟ್ಟೆ, ಕಾಗದ, ಪೊರಕೆ ಮುಟ್ಟಿಸಬೇಡಿ.
ಹೈಡ್ರೋಜನ್ ಪೆರಾಕ್ಸೈಡ್ ಚೆಲ್ಲಿದೆ: ಧಾರಾಳ ನೀರು. ವಾಪಸ್ ಕ್ಯಾನಿಗೆ ತುಂಬಬೇಡಿ.
ಬೆಂಕಿ ಸರಕಿಗೆ ತಟ್ಟಿಲ್ಲ: ತಕ್ಷಣ ಆರಿಸಿ.
ಬೆಂಕಿ ಸರಕಿಗೆ ತಟ್ಟಿದೆ: ಸಿಲಿಂಡರ್ ಬೇಡ. ದೂರದ ಮಾನಿಟರ್ ತೆರೆದು ಹೊರಗೆ ಬನ್ನಿ. ನೈಟ್ರೇಟ್ ಶೆಡ್ ಆದರೆ ಅದೂ ಬೇಡ, ಓಡಿ.
ಕಂದು ಹೊಗೆ ಕುಡಿದವರು ಆರಾಮಾಗಿದ್ದರೂ ಆಸ್ಪತ್ರೆಗೆ."

ಹಳದಿ_ಚೌಕ:
ಒಂದೇ ತಿದ್ದುಪಡಿ, ಆದರೆ ದೊಡ್ಡದು. "ಬಿಗಿಯಾಗಿ ಮುಚ್ಚಳ ಹಾಕಿ" ಎಂಬುದನ್ನು ತೆಗೆದುಬಿಡಿ. ಚೆಲ್ಲಿದ ಸರಕಿಗೆ ನೆಲದ ತೇವ, ಧೂಳು, ಎಣ್ಣೆ ಏನು ತಾಗಿದೆಯೋ ಯಾರಿಗೆ ಗೊತ್ತು. ಒಳಗೆ ಅನಿಲ ಹುಟ್ಟಿದರೆ ಬಿಗಿ ಮುಚ್ಚಳದ ಡಬ್ಬಿ ಸಿಡಿಯುತ್ತದೆ. ಮಳೆ ಬೀಳದಂತೆ ಸಡಿಲವಾಗಿ ಮುಚ್ಚಿ, ಕಟ್ಟಡದಿಂದ ದೂರ, ನೆರಳಲ್ಲಿ, ಯಾವುದಕ್ಕೂ ತಾಗದಂತೆ ಒಂಟಿಯಾಗಿ ಇಡಿ. ಆಗಲೇ ಒದ್ದೆಯಾಗಿ ಗುಳ್ಳೆ ಏಳುತ್ತಿದ್ದರೆ ಎತ್ತಲೇಬೇಡಿ, ಡಬ್ಬಿಗೆ ಹಾಕಲೇಬೇಡಿ.

ಬ್ಲೀಚ್‌ಸೆಕ್ಷನ್:
ಮರದ ಪ್ಯಾಲೆಟ್ ಮೇಲೆ ಇಟ್ಟಿದ್ದೀರಾ? ಸೋರಿದ್ದನ್ನ ಮರ ಕುಡಿಯತ್ತೆ. ಆಕ್ಸಿಡೈಸರ್ ಕಡೆಗೆ ಪ್ಲಾಸ್ಟಿಕ್ ಪ್ಯಾಲೆಟ್ ಹಾಕಿಸೋದು ಮಾಮೂಲು. ಪ್ಲಾಸ್ಟಿಕ್ಕೂ ಉರಿಯತ್ತೆ ನಿಜ, ಆದರೆ ಮರದ ಹಾಗೆ ಹೀರಿಕೊಂಡು ಕಾಯ್ತಾ ಕೂರಲ್ಲ. ಲೋಹದ್ದು ಹಾಕ್ತೀನಿ ಅಂದ್ರೆ ಪೆರಾಕ್ಸೈಡ್ ಕಡೆ ಮಾತ್ರ ತುಕ್ಕು ಹಿಡಿಯೋ ಲೋಹ ಬೇಡ.

ಹೋಸ್‌ಪೈಪ್:
ಹಳದಿ_ಚೌಕ ಅವರ ತಿದ್ದುಪಡಿ ಹಾಕಿಕೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ನನ್ನದೂ ಒಂದು ಇದೆ. ಮಾನಿಟರ್ ತೆರೆದರೆ ನಿಮಿಷಕ್ಕೆ ಸಾವಿರಾರು ಲೀಟರ್ ನೀರು, ಅದೆಲ್ಲ ಸರಕನ್ನು ಕರಗಿಸಿಕೊಂಡು ಎಲ್ಲಿಗೆ ಹೋಗುತ್ತದೆ? ಮೋರಿಗೆ ಹೋದರೆ ಅಲ್ಲಿನ ಕಸ, ಎಣ್ಣೆ, ಅನಿಲ. ಪಕ್ಕದ ಗೋಡೌನಿಗೆ ಹರಿದರೆ ಅಲ್ಲಿನ ರಟ್ಟಿನ ಪೆಟ್ಟಿಗೆಗಳು ಆ ನೀರು ಕುಡಿದು ಒಣಗಿ ಮುಂದಿನ ವಾರ ಹೊತ್ತಿಕೊಳ್ಳುತ್ತವೆ. ಕೆರೆಗೆ ಹೋದರೆ ಮೀನು ಉಳಿಯುವುದಿಲ್ಲ. ನೆಲದ ಇಳಿಜಾರು ಎತ್ತ ಇದೆ ಎಂದು ಮಳೆ ಬಂದಾಗ ನೋಡಿಟ್ಟುಕೊಳ್ಳಿ, ಆ ದಾರಿಯಲ್ಲಿ ಮರಳು ಚೀಲ ಇಡಿ, ಸಂಗ್ರಹ ತೊಟ್ಟಿ ಖಾಲಿಯಾಗಿರಲಿ. ತೊಟ್ಟಿಯ ಹೊರಹೋಗುವ ವಾಲ್ವ್ ಮುಚ್ಚಿಯೇ ಇರಬೇಕು. ಅದರ ಹ್ಯಾಂಡಲ್ ಗೋಡೌನಿನ ಒಳಗಡೆ ಇದ್ದರೆ ಹೊರಗಡೆಗೆ ಹಾಕಿಸಿ.

ಉಗ್ರಾಣಿಗ:
ಮುಚ್ಚಳದ ಸಾಲು ತಿದ್ದಿದೆ. ಪ್ಯಾಲೆಟ್ ಮರದವೇ ಇವೆ, ಬದಲಿಸಲು ಬರೆದು ಕೊಡುತ್ತೇನೆ. ಹೋಸ್‌ಪೈಪ್ ಸರ್, ವಾಲ್ವ್ ಹ್ಯಾಂಡಲ್ ಒಳಗಡೆಯೇ ಇದೆ, ಟ್ರೈಕ್ಲೋರೋ ಸಾಲಿನ ಹಿಂದೆ. ಅದು ಹೊರಗೆ ಬರುವ ತನಕ ವಾಲ್ವ್ ಮುಚ್ಚಿ ಬೀಗ ಹಾಕಿಸಿ ಕೀಲಿಯನ್ನು ಗೇಟಿನಲ್ಲಿ ಇಡಿಸುತ್ತೇನೆ. ಸಾಕಾ?

ಹೋಸ್‌ಪೈಪ್:
ಸದ್ಯಕ್ಕೆ ಸಾಕು. ಗೇಟಿನಲ್ಲಿ ಕೀಲಿಯ ಪಕ್ಕದಲ್ಲೇ ಇನ್ನೊಂದು ಇಡಿಸಿ: ಯಾವ ಶೆಡ್ಡಿನಲ್ಲಿ ಯಾವ ಸರಕು, ಎಷ್ಟು, ಯುಎನ್ ನಂಬರ್ ಏನು ಎಂಬ ಹಾಳೆ, ದಿನವೂ ತಿದ್ದಿದ್ದು. ಅಗ್ನಿಶಾಮಕ ವಾಹನ ಬಂದಾಗ ಕಾವಲುಗಾರ ಗೇಟು ತೆರೆಯುವ ಮುನ್ನ ಆ ಹಾಳೆಯನ್ನು ದಳದ ಮುಖ್ಯಸ್ಥರ ಕೈಗೆ ಕೊಡಬೇಕು.